ಕೂಡುವ ದಿನ

ಹುಟ್ಟದೆ ಹೋದ ಕೂಸನ್ನು ಸಾಯದಂತೆಯೂ ಇಟ್ಟುಕೊಳ್ಳಲು ಬಂದರೆ ಏನಾದೀತು? ಇಂಥ ಪ್ರಶ್ನೆ ಯಾರ ತಲೆಗೂ ಹೊಳೆಯಬಾರದು. ಧಾರವಾಡದ ಅಂಚಿನ ಒಂದು ಸಂಶೋಧನಾ ಕೇಂದ್ರದಲ್ಲಿ ಡಾ. ಹಂಚಿನಾಳರ ತಲೆಗೆ ಹೊಳೆಯಿತು. ಅವರು ಸಾಧು ಮನುಷ್ಯರು, ದಾರಿಯಲ್ಲಿ ಇರುವೆ ಸಾಲು ಕಂಡರೆ ದಾಟಿಕೊಂಡು ಹೋಗುವವರು. ಲೋಕದ ದೊಡ್ಡ ಸಂಕಟಗಳನ್ನೆಲ್ಲ ಕೆಟ್ಟವರೇ ತರುತ್ತಾರೆ ಎಂದು ನಂಬಿಕೊಂಡವರು ಅವರನ್ನು ಒಮ್ಮೆ ನೋಡಬೇಕಿತ್ತು.

ಆ ಕೇಂದ್ರದಲ್ಲಿ ಒಂದು ಬೆಚ್ಚನೆಯ ಕೋಣೆ. ಕಾಗದಪತ್ರದಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು, ಜನ ಮಾತ್ರ ತೊಟ್ಟಿಲ ಕೋಣೆ ಎಂದೇ ಕರೆಯುತ್ತಿದ್ದರು. ಗೋಡೆಯುದ್ದಕ್ಕೂ ಕಾವುಪೆಟ್ಟಿಗೆಗಳು, ಅವುಗಳೊಳಗೆ ಸಾಲಾಗಿ ಚಪ್ಪಟೆ ಕುಪ್ಪಿಗಳು, ಒಂದೊಂದು ಕುಪ್ಪಿಯ ಮೇಲೂ ಒಂದೊಂದು ಮನೆತನದ ಹೆಸರು. ಬಂಜೆತನಕ್ಕೆ ಚಿಕಿತ್ಸೆ ಕೊಡುವ ಆಸ್ಪತ್ರೆಗಳಲ್ಲಿ ಬೆಳೆಯದೆ ನಿಂತುಹೋದ ಭ್ರೂಣಗಳು ಇಲ್ಲಿಗೆ ಬರುತ್ತಿದ್ದವು. ಅವುಗಳಿಗೆ ಹೊತ್ತುಹೊತ್ತಿಗೆ ಉಣ್ಣಿಸುವವಳು ಯಮುನಾ ಉಪ್ಪಾರ. ಮದುವೆಯಾಗದ, ನಲವತ್ತೈದು ದಾಟಿದ, ಕನ್ನಡಕದ ಹೆಂಗಸು. ಹನಿ ಎತ್ತುವ ಪಿಪೆಟ್ಟು ಹಿಡಿದರೆ ಕೈ ನಡುಗದು ಎಂಬುದೊಂದೇ ಆಕೆಯ ಹೆಮ್ಮೆ.

ಅಂದು ಕೂಡುವ ದಿನ. ಬೆಳಿಗ್ಗೆಯೇ ಹಜಾರ ತುಂಬಿತ್ತು. ಕುಪ್ಪಿಯೊಳಗೆ ಬಿಡಿಬಿಡಿಯಾಗಿ ಅಲೆಯುವ ಜೀವಕೋಶಗಳು ವಾರಕ್ಕೊಮ್ಮೆ ಚೆಂಡು ಕಟ್ಟುತ್ತವೆ. ಒಂದು ಹಗಲು ಹಾಗೇ ಇದ್ದು ಮತ್ತೆ ಚೆದುರುತ್ತವೆ. ಆ ಒಂದು ಹಗಲು ಮನೆಯವರು ಬಂದು ಗೋಡೆಯ ಮೇಲಿನ ಪರದೆಯಲ್ಲಿ ತಮ್ಮ ಚೆಂಡನ್ನು ನೋಡಿಕೊಂಡು ಹೋಗಬಹುದು. ಬ್ಯಾಡಗಿಯ ನಾಗವ್ವ ಎಂಬ ಮುದುಕಿ ಎಲ್ಲರಿಗಿಂತ ಮುಂಚೆ ಬಂದು ಮುಂದಿನ ಕುರ್ಚಿ ಹಿಡಿದಿದ್ದಳು. ಮಗ ಸೊಸೆಗೆ ಬಿಡುವಿಲ್ಲದ ಕಾರಣ ಮೊಮ್ಮಗನನ್ನು ನೋಡಲು ತಾನೇ ಬಸ್ಸು ಹತ್ತಿ ಬರುತ್ತಿದ್ದಳು.

"ಒಳಗಂಟು ಬಿತ್ತೇನವ್ವಾ?" ಎಂದು ಕೇಳಿದಳು. ಅದು ಎಲ್ಲರೂ ಕೇಳುವ ಪ್ರಶ್ನೆ, ಚೆಂಡಿನೊಳಗೆ ಗಂಟು ಬಿದ್ದರೆ ಅದು ಕೂಸಾಗುವ ದಾರಿ ಹಿಡಿದಂತೆ.

"ಇನ್ನೂ ಇಲ್ಲರೀ ಅಮ್ಮಾ. ಆದ್ರ ಚೆಂದ ಕೂಡೈತಿ ನೋಡ್ರಿ, ಎಷ್ಟು ದುಂಡಗ ಐತಿ."

"ನಮ್ಮ ಹಿರ್ಯಾನೂ ಹಿಂಗ ದುಂಡಗ ಇದ್ದ, ಹುಟ್ಟಿದಾಗ." ಮುದುಕಿ ಪರದೆಗೆ ದೃಷ್ಟಿ ತೆಗೆದು ನೆಟಿಗೆ ಮುರಿದಳು. ಹೋಗುವಾಗ ಎಂದಿನಂತೆ ಯಮುನಾಳ ಕೈಗೆ ಖಾರದ ಪುಡಿಯ ಪೊಟ್ಟಣ ತುರುಕಿದಳು. "ತಗೋವಾ. ನಮ್ಮ ಕೂಸಿನ ಹೊಟ್ಟಿ ತುಂಬಸಾಕಿ ನೀನ."

ಯಮುನಾ ಪೊಟ್ಟಣ ಇಸಿದುಕೊಂಡಳೇ ಹೊರತು ಮುದುಕಿಯ ಮುಖ ನೋಡಲಿಲ್ಲ. ನೋಡದೆ ಮೂರು ವರ್ಷವಾಗಿತ್ತು.

ಈ ಕುಪ್ಪಿಗಳ ಮೂಲ ಇದ್ದದ್ದು ಒಂದು ಕೆರೆಯ ಕೆಸರಿನಲ್ಲಿ. ಹಂಚಿನಾಳರು ಮೊದಲು ಮನುಷ್ಯರ ಸಂತಾನದ ಗೋಜಿಗೆ ಹೋದವರಲ್ಲ. ಪ್ರಾಣಿ ಎಂಬುದು ಭೂಮಿಯ ಮೇಲೆ ಹೇಗೆ ಶುರುವಾಯಿತು ಎಂಬ ಹುಚ್ಚು ಅವರಿಗೆ. ಆನೆಯಾಗಲಿ ಸೊಳ್ಳೆಯಾಗಲಿ ಮೊದಲು ಒಂದೇ ಜೀವಕೋಶ. ಅದು ಗಾತ್ರದಲ್ಲಿ ಬೆಳೆಯದೆ ಒಳಗೊಳಗೇ ಸೀಳಿಕೊಂಡು ಎರಡಾಗಿ, ನಾಲ್ಕಾಗಿ, ಎಂಟಾಗಿ, ಕಡೆಗೆ ಪುಟ್ಟ ಚೆಂಡಾಗುತ್ತದೆ. ಚೆಂಡು ಕಟ್ಟುವ ಈ ವಿದ್ಯೆ ಪ್ರಾಣಿಗಳಿಗೆ ಎಲ್ಲಿಂದ ಬಂತು? ಹಂಚಿನಾಳರು ಊರೂರಿನ ಕೆರೆಗಳ ಕೆಸರು ಸೋಸಿದರು. ಒಂದು ಹಳೆಯ ಕೆರೆಯಲ್ಲಿ ಸಿಕ್ಕ ಒಂಟಿಕೋಶದ ಜೀವಿಯೊಂದು ಸೂಕ್ಷ್ಮದರ್ಶಕದ ಕೆಳಗೆ ಅವರ ಕಣ್ಣೆದುರಿಗೇ ಎರಡಾಗಿ, ನಾಲ್ಕಾಗಿ, ಎಂಟಾಗಿ ಚೆಂಡು ಕಟ್ಟಿತು. ಪಕ್ಕದಲ್ಲಿ ಇಲಿಯ ಭ್ರೂಣ ಇಟ್ಟು ನೋಡಿದರೆ ಯಾವುದು ಯಾವುದೆಂದು ಅವರಿಗೇ ತಿಳಿಯಲಿಲ್ಲ.

ವ್ಯತ್ಯಾಸ ಆಮೇಲೆ ಕಂಡಿತು. ಭ್ರೂಣದ ಕೋಶಗಳು ಕೂಡಿಕೊಂಡೇ ಉಳಿದು ಕೆಲಸ ಹಂಚಿಕೊಳ್ಳುತ್ತವೆ. ಕೆಲವು ಒಳಗೆ ಗಂಟು ಕಟ್ಟಿ ಕೂಸಾಗುತ್ತವೆ, ಉಳಿದವು ಹೊರಗೆ ನಿಂತು ಗರ್ಭಕ್ಕೆ ಅಂಟಿಕೊಳ್ಳುತ್ತವೆ. ಕೆರೆಯ ಜೀವಿಯ ಚೆಂಡಿಗೆ ಒಳಗಂಟು ಇಲ್ಲ. ಸ್ವಲ್ಪ ಕಾಲ ಕೂಡಿದ್ದು ಚೆದುರಿಹೋಗುತ್ತದೆ, ಒಂದೊಂದು ಕೋಶವೂ ತನ್ನ ದಾರಿ ಹಿಡಿಯುತ್ತದೆ. ಕೂಡುವುದು ಪ್ರಾಣಿಗಳಿಗಿಂತ ಹಳೆಯದು, ಚೆದುರದೆ ಇರುವುದನ್ನು ಮಾತ್ರ ಪ್ರಾಣಿಗಳು ಕಲಿತವು ಎಂದು ಹಂಚಿನಾಳರು ಪ್ರಬಂಧ ಬರೆದರು. ಜೀವಿಗೆ ಕೆರೆಯವ್ವ ಎಂದು ಹೆಸರಿಟ್ಟರು. "ನಮ್ಮ ಅಜ್ಜಿ ಅಲ್ರೀ ಇಕಿ, ಅಜ್ಜಿಯ ತಂಗಿ" ಎಂದು ಬಂದವರಿಗೆಲ್ಲ ನಗುನಗುತ್ತ ತೋರಿಸುತ್ತಿದ್ದರು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಭ್ರೂಣ ಮೊದಲ ಕೆಲವು ದಿನ ತಾಯಿ ಕಟ್ಟಿಕೊಟ್ಟ ಬುತ್ತಿಯ ಮೇಲೆ ಬದುಕುತ್ತದೆ. ಬುತ್ತಿ ತೀರುವ ಹೊತ್ತಿಗೆ ಅದರ ಸ್ವಂತ ವಂಶವಾಹಿಗಳು ಎಚ್ಚರಗೊಂಡು ಸಂಸಾರ ವಹಿಸಿಕೊಳ್ಳಬೇಕು. ಎಷ್ಟೋ ಭ್ರೂಣಗಳಲ್ಲಿ ಅವು ಏಳುವುದೇ ಇಲ್ಲ, ಕೂಸು ಅಲ್ಲಿಗೆ ಮುಗಿಯಿತು. ಅಂಥ ಭ್ರೂಣಕ್ಕೆ ಕೆರೆಯವ್ವ ಚೆದುರುವಾಗ ಬಿಡುವ ರಸವನ್ನು ಸೋಸಿ ಹಾಕಿದರೆ? ಹಂಚಿನಾಳರು ಹಾಕಿ ನೋಡಿದರು. ಕೋಶಗಳು ಸಾಯಲಿಲ್ಲ. ಒಂದೊಂದಾಗಿ ಬಿಚ್ಚಿಕೊಂಡು ಕುಪ್ಪಿಯಲ್ಲಿ ಅಲೆದವು, ಉಂಡವು, ವಾರದ ಕೊನೆಗೆ ಮತ್ತೆ ಚೆಂಡು ಕಟ್ಟಿದವು. ಹೀಗೆ ಮತ್ತೆಮತ್ತೆ ಕಟ್ಟುವಾಗ ಯಾವುದೋ ಒಂದು ಸಲ ವಂಶವಾಹಿಗಳು ಎಚ್ಚರಗೊಂಡು ಒಳಗಂಟು ಬಿದ್ದರೆ, ಆ ಚೆಂಡನ್ನು ತಾಯಿಯ ಗರ್ಭಕ್ಕೆ ಸೇರಿಸಬಹುದು. ಬೀಳುತ್ತದೆ ಎಂದು ಅವರು ಹೇಳಲಿಲ್ಲ, ಬೀಳಬಹುದು ಎಂದರು. ಆ ಎರಡು ಮಾತಿನ ನಡುವಿನ ಅಂತರ ಮಕ್ಕಳಿಲ್ಲದವರ ಕಿವಿಗೆ ಕೇಳುವುದಿಲ್ಲ.

ಜನ ಮುಗಿಬಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ಹಿಂದಿನವರು ನಗುತ್ತಿದ್ದರು, ಇಲ್ಲಿ ನಿಜವಾಗಿಯೂ ಹೊಲಿಸಿದರು. ಕುಪ್ಪಿಗಳಿಗೆ ಹೆಸರಿಟ್ಟರು. ಕೂಡುವ ದಿನಕ್ಕೆ ಒಂದು ಪದ್ಧತಿಯೂ ಹುಟ್ಟಿಕೊಂಡಿತು. ಅಂದು ಮನೆಯಲ್ಲಿ ಏನನ್ನೂ ಮುರಿಯಬಾರದು, ಒಡೆಯಬಾರದು, ಹೆಚ್ಚಬಾರದು. ಕಾಯಿ ಒಡೆಯದೆ ಪೂಜೆ, ರೊಟ್ಟಿ ಮುರಿಯಬೇಕಾಗುತ್ತದೆಂದು ಅಂಬಲಿ ಊಟ. ಇದನ್ನು ಯಾರು ಶುರುಮಾಡಿದರೆಂದು ಕೇಳಿದರೆ ಯಾರಿಗೂ ಗೊತ್ತಿಲ್ಲ.

ಪದ್ಧತಿ ಮನೆಯಲ್ಲೇ ಇದ್ದಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಮೊದಲ ವರ್ಷ ಹಂಚಿನಾಳರು ಒಂದು ಕುಪ್ಪಿಯಿಂದ ಕೆಲವು ಕೋಶ ತೆಗೆದು ಒಡೆದು ಡಿಎನ್ಎ ಪರೀಕ್ಷೆಗೆ ಕಳಿಸಿದ್ದರು. ಮನುಷ್ಯರದೇ ಎಂದು ಉತ್ತರ ಬಂತು. ಆದರೆ ಆ ವಾರ ಆ ಕುಪ್ಪಿಯ ಚೆಂಡು ಕಟ್ಟಲಿಲ್ಲ. ಅದರ ತಾಯಿ ಹಜಾರದಲ್ಲಿ ನೆಲಕ್ಕೆ ಬಿದ್ದು ಹೊರಳಾಡಿ ಅತ್ತಳು. ನನ್ನ ಕೂಸಿನ ಕೈಯೋ ಕಾಲೋ ಒಡೆದಿರಿ ಎಂದಳು. ಮನೆಯವರೆಲ್ಲ ಒಂದಾದರು, ಸಂಘವಾಯಿತು, ಹಂಚಿನಾಳರು ಕೈಮುಗಿದು ಒಪ್ಪಿಕೊಂಡರು. ಇನ್ನು ಮೇಲೆ ಯಾವ ಕುಪ್ಪಿಯಿಂದಲೂ ಒಂದು ಕೋಶವನ್ನೂ ಪರೀಕ್ಷೆಗೆಂದು ಒಡೆಯುವುದಿಲ್ಲ. ಕಣ್ಣಿಂದ ನೋಡಬಹುದು, ಅಷ್ಟೇ.

ಯಮುನಾಳ ತಂಗಿ ತುಂಗಾಳ ಮನೆ ಹೊಸಯಲ್ಲಾಪುರದಲ್ಲಿ, ಯಮುನಾಳ ಮನೆಯಿಂದ ಎರಡು ಓಣಿ ಆಚೆ. ತುಂಗಾ ಚಿಕ್ಕವಳಿದ್ದಾಗಲೇ ಅವ್ವ ತೀರಿಹೋಗಿದ್ದರಿಂದ ಯಮುನಾಳೇ ಹೆರಳು ಹಾಕಿ, ಹೊಡೆದು, ಉಣ್ಣಿಸಿ ಬೆಳೆಸಿದ್ದಳು. ಆಕೆಯನ್ನು ದಡ ಮುಟ್ಟಿಸುವ ಹೊತ್ತಿಗೆ ತನ್ನ ಮದುವೆಯ ವಯಸ್ಸು ದಾಟಿತ್ತು. ಅದಕ್ಕೆ ಯಾರ ಮೇಲೂ ಸಿಟ್ಟಿರಲಿಲ್ಲ. ತುಂಗಾ ಮನೆಯ ಮುಂದಿನ ಕೋಣೆಯಲ್ಲೇ ರೊಟ್ಟಿ ಅಂಗಡಿ ಇಟ್ಟಿದ್ದಳು. ಗಂಡ ಪರಸಪ್ಪ ಬಸ್ ಕಂಡಕ್ಟರ್. ಅವರ ಕುಪ್ಪಿಯೂ ತೊಟ್ಟಿಲ ಕೋಣೆಯಲ್ಲಿತ್ತು.

ಕೂಡುವ ದಿನ ತುಂಗಾ ರೊಟ್ಟಿ ಬಡಿಯುತ್ತಿರಲಿಲ್ಲ. ಬಡಿತಕ್ಕೆ ಕೂಸು ಬೆದರೀತು ಎಂದು. ಅಂಗಡಿಗೆ ಬಂದವರು ಮುಚ್ಚಿದ ಬಾಗಿಲು ನೋಡಿ ಬೇರೆ ಕಡೆ ಹೋಗುತ್ತಿದ್ದರು, ಒಬ್ಬೊಬ್ಬರಾಗಿ ಆ ಕಡೆಯ ಗಿರಾಕಿಗಳೇ ಆಗಿಬಿಟ್ಟರು. ಅಂದು ಸಂಜೆ ಯಮುನಾ ಹೋದಾಗ ತುಂಗಾ ಅಂಬಲಿ ಬಟ್ಟಲು ಮುಂದಿಟ್ಟಳು. ಪರಸಪ್ಪ ಸಮವಸ್ತ್ರದಲ್ಲೇ ಗೋಡೆಗೆ ಒರಗಿ ಕೂತಿದ್ದ.

"ಅಕ್ಕಾ, ನೀವರ ಹೇಳ್ರಿ ಈಕಿಗೆ" ಎಂದ. "ದತ್ತು ಕೊಡವ್ರು ಮತ್ತ ಫೋನ್ ಮಾಡಿದ್ರು. ಹೆಣ್ಣು ಕೂಸು, ಇನ್ನೂ ಹಲ್ಲು ಬಂದಿಲ್ಲಂತ. ಈಕಿ ಬ್ಯಾಡ ಅಂತ ಇಟ್ಟುಬಿಟ್ಲು."

"ಮನ್ಯಾಗ ಒಂದು ಇರಬೇಕಾದ್ರ ಇನ್ನೊಂದು ತಂದು, ಇದಕ್ಕ ಮಲತಾಯಿ ಆಗ್ಲೇನು?" ಎಂದಳು ತುಂಗಾ.

"ಮನ್ಯಾಗ ಎಲ್ಲೈತಿ? ಕುಪ್ಪ್ಯಾಗ ಐತಿ."

"ನೀವು ಸುಮ್ಮನಿರ್ರಿ. ಅಕ್ಕ ದಿನಾ ನೋಡ್ತಾಳ, ಆಕಿಗೆ ಗೊತ್ತು. ಹೌದಿಲ್ಲೋ ಅಕ್ಕಾ? ಚಲೋ ಐತಿ ಹೌದಿಲ್ಲೋ?"

"ಚಲೋ ಐತಿ" ಎಂದಳು ಯಮುನಾ. ಅಂಬಲಿ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

ಯಮುನಾಳ ಒಳಗಿದ್ದದ್ದು ಇಷ್ಟು. ಮೂರು ವರ್ಷದ ಹಿಂದೆ ಒಂದು ರಜೆಯ ದಿನ ಆಕೆ ಒಬ್ಬಳೇ ಕುಪ್ಪಿಗಳಿಗೆ ಉಣ್ಣಿಸಲು ಹೋಗಿದ್ದಳು. ತಂಗಿಯ ಕುಪ್ಪಿಯಲ್ಲಿ ಅಲೆಯುವುದು ಏನೂ ಇರಲಿಲ್ಲ. ಕೋಶಗಳೆಲ್ಲ ತಳದಲ್ಲಿ ಬೂದಿಯಾಗಿ ಕೂತಿದ್ದವು. ಅಲುಗಿಸಿದಳು, ಬಿಸಿ ಮಾಡಿದಳು, ಹೊಸ ಉಣಿಸು ಹಾಕಿ ಮಧ್ಯಾಹ್ನದವರೆಗೆ ಕಾದಳು. ಒಂದೂ ಏಳಲಿಲ್ಲ. ತಂಗಿಗೆ ಏನೆಂದು ಹೇಳುವುದು? ಮನೆಯಲ್ಲಿ ಹೆಪ್ಪು ಕೆಟ್ಟರೆ ಪಕ್ಕದ ಮನೆಯಿಂದ ಒಂದು ಚಮಚ ತರುವುದಿಲ್ಲವೇ? ಹಾಲು ನಮ್ಮದು, ಮೊಸರೂ ನಮ್ಮದೇ ಅನ್ನುತ್ತೇವೆ, ಹೆಪ್ಪು ಯಾರದೆಂದು ಯಾರು ಕೇಳುತ್ತಾರೆ? ಯಮುನಾಳ ಕೈ ಪಕ್ಕದ ಕುಪ್ಪಿಗೆ ಹೋಯಿತು. ಬ್ಯಾಡಗಿಯವರದು, ಎಲ್ಲಕ್ಕಿಂತ ಗಟ್ಟಿಯಾದ ಕುಪ್ಪಿ. ಅದರಿಂದ ಒಂದು ಹನಿ ತೆಗೆದು ತಂಗಿಯ ಕುಪ್ಪಿಗೆ ಬಿಟ್ಟಳು. ಮುಂದಿನ ವಾರ ಚೆಂಡು ಕಟ್ಟಿತು.

ಅಂದಿನಿಂದ ತಂಗಿ ಪರದೆಯ ಮುಂದೆ ನಿಂತು ಮುದ್ದಿಸುತ್ತಿದ್ದದ್ದು ನಾಗವ್ವನ ಮೊಮ್ಮಗನನ್ನು ಎಂದು ಯಮುನಾ ತಿಳಿದಿದ್ದಳು. ಯಾವತ್ತಾದರೂ ಒಳಗಂಟು ಬಿದ್ದರೆ ತುಂಗಾಳ ಹೊಟ್ಟೆಯಲ್ಲಿ ಬೇರೆಯವರ ಕೂಸು ಬೆಳೆಯುತ್ತದೆ. ಬೀಳಲಿ ಎಂದು ಹರಕೆ ಹೊರುವವಳೂ ಯಮುನಾಳೇ, ಬಿದ್ದೀತೆಂದು ಹೆದರುವವಳೂ ಅವಳೇ. ಇದನ್ನು ತಂಗಿಗೆ ಹೇಳಿದರೆ ತಂಗಿಯೇ ಇಲ್ಲವಾಗುತ್ತಾಳೆ ಎಂಬುದು ಆಕೆಗೆ ಗೊತ್ತಿತ್ತು. ಆಕೆಗೆ ಲೋಕದಲ್ಲಿ ಇದ್ದದ್ದು ಅವಳೊಬ್ಬಳೇ.

ಮರುವಾರ ಒಂದು ಗಂಡ ಹೆಂಡತಿ ಕೇಂದ್ರಕ್ಕೆ ಬಂದರು. ಕಾದೂ ಕಾದೂ ಸಾಕಾಗಿತ್ತು. ಕುಪ್ಪಿಯನ್ನು ಮನೆಗೆ ಒಯ್ಯುವ ಮನಸ್ಸಿಲ್ಲ, ಮಣ್ಣು ಮಾಡುವ ಧೈರ್ಯವೂ ಇಲ್ಲ. ನೀವೇ ಇಟ್ಟುಕೊಂಡು ಏನಾದರೂ ಕಲಿಯಿರಿ, ಒಡೆದರೂ ನಮ್ಮ ಅಡ್ಡಿಯಿಲ್ಲ ಎಂದು ಕೈಮುಗಿದು ಹೋದರು. ಇಷ್ಟು ವರ್ಷದಲ್ಲಿ ಹಾಗೆ ಹೇಳಿದವರು ಅವರೇ ಮೊದಲು. ಹಂಚಿನಾಳರು ಕುಪ್ಪಿಯನ್ನು ಎರಡೂ ಕೈಯಲ್ಲಿ ಹಿಡಿದು ಪರೀಕ್ಷೆಯ ಕೋಣೆಗೆ ಹೋದರು.

ಆಮೇಲೆ ಕೆಲವು ದಿನ ಅವರ ಊಟದ ಡಬ್ಬಿ ಬಿಚ್ಚದೆ ಮನೆಗೆ ವಾಪಸು ಹೋಗುತ್ತಿತ್ತು. ಒಂದು ಬೆಳಿಗ್ಗೆ ಬಂದು, ಉಣ್ಣಿಸುವಾಗ ಬಸಿದು ಚೆಲ್ಲುವ ನೀರನ್ನು ಎಲ್ಲ ಕುಪ್ಪಿಗಳಿಂದಲೂ ಬೇರೆಬೇರೆಯಾಗಿ ಹಿಡಿದುಕೊಡಲು ಯಮುನಾಳಿಗೆ ಹೇಳಿದರು.

"ಯಾಕ್ರೀ ಸರ್?"

"ಸತ್ತ ಕೋಶದ ಚೂರು ಆ ನೀರಿನ್ಯಾಗ ಇರ್ತಾವು. ಅಷ್ಟು ಸಾಕು, ಯಾವುದನ್ನೂ ಒಡೀಬೇಕಾಗಿಲ್ಲ." ಕನ್ನಡಕ ತೆಗೆದು ಒರೆಸಿಕೊಂಡರು. "ಇದು ಮೊದಲೂ ಮಾಡಬಹುದಿತ್ತು, ಯಮುನಾ. ಯಾಕ ಮಾಡ್ಲಿಲ್ಲ ಅಂತ ಕೇಳಬ್ಯಾಡ್ರಿ."

ಯಮುನಾ ಶೀಶೆಗಳನ್ನು ಸಾಲಾಗಿ ಇಟ್ಟಳು. ಎರಡು ಕುಪ್ಪಿಯಲ್ಲಿ ಒಂದೇ ವಂಶ ಎಂದು ಗೊತ್ತಾಗುವುದು ಖಂಡಿತ. ಬ್ಯಾಡಗಿಯವರ ನೀರನ್ನೇ ಎರಡು ಶೀಶೆಗೆ ಹಿಡಿಯಲೋ, ತಂಗಿಯದನ್ನು ಚೆಲ್ಲಿಬಿಡಲೋ ಎಂದು ಒದ್ದಾಡಿದಳು. ಕೊನೆಗೆ ಎಲ್ಲವನ್ನೂ ಸರಿಯಾಗಿಯೇ ಹಿಡಿದುಕೊಟ್ಟಳು. ಸಾಕಾಗಿತ್ತು ಆಕೆಗೂ.

ಫಲಿತಾಂಶ ಬಂದ ಮಧ್ಯಾಹ್ನ ಹಂಚಿನಾಳರು ಆಕೆಯನ್ನು ಕರೆದು ಕೂಡಿಸಿಕೊಂಡರು. ಅವರು ಬಾಯಿ ತೆರೆಯುವ ಮೊದಲೇ ಯಮುನಾ ಹೇಳಿಬಿಟ್ಟಳು. "ನಾನ ಹಾಕೀನ್ರಿ ಸರ್. ತಂಗಿ ಕುಪ್ಪಿ ಸತ್ತಿತ್ತು. ಬ್ಯಾಡಗಿಯವರ ಕುಪ್ಪಿಯಿಂದ ಹೆಪ್ಪು ಹಾಕೀನಿ. ಎರಡೂ ಒಂದ ಅಂತ ಬಂದಿರಬೇಕು."

ಹಂಚಿನಾಳರು ಫಲಿತಾಂಶದ ಹಾಳೆಯನ್ನು ಆಕೆಯ ಕಡೆ ತಿರುಗಿಸಿದರು. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು, ಅವರ ಮುಖದಲ್ಲಿ ಕನಿಕರವಿತ್ತು.

"ಎರಡಲ್ರೀ, ಎಲ್ಲಾನೂ ಒಂದ. ಒಂದರಾಗೂ ಮನುಷ್ಯರ ಕೋಶ ಇಲ್ಲ. ಎಲ್ಲಾ ಕುಪ್ಪ್ಯಾಗೂ ಕೆರೆಯವ್ವ ಇದ್ದಾಳ."

ಯಮುನಾಳಿಗೆ ಮಾತು ತಲೆಗೆ ಹೋಗಲಿಲ್ಲ. ಅವರು ಬಿಡಿಸಿ ಹೇಳಿದರು. ಕೆರೆಯವ್ವನ ರಸವನ್ನು ಸೋಸಿ ಸೋಸಿ ಹಾಕಿದ್ದರು, ಆದರೂ ಸೋಸಣಿಗೆ ಸಿಗದ ಬೀಜದಂಥ ಸಣ್ಣ ರೂಪ ಆ ಜೀವಿಗೆ ಇತ್ತು. ಅದು ಯಾವುದೋ ಒಂದು ಸಲದ ರಸದ ಜೊತೆ ಒಂದೊಂದೇ ಕುಪ್ಪಿಗೆ ಇಳಿದಿತ್ತು. ಮನುಷ್ಯರ ಕೋಶಗಳು ಕೆಲವು ಕಾಲ ಅಲೆದದ್ದು ನಿಜ. ಒಂಟಿಯಾಗಿ ಬದುಕುವ ವಿದ್ಯೆಯನ್ನು ಅವು ಮರೆತು ಕೋಟ್ಯಂತರ ವರ್ಷಗಳಾಗಿದ್ದವು. ಕೆರೆಯವ್ವ ಮರೆತಿರಲಿಲ್ಲ. ಒಂದೊಂದು ಕುಪ್ಪಿಯಲ್ಲೂ ಮನುಷ್ಯರದು ಕರಗಿತು, ಕೆರೆಯದು ತುಂಬಿಕೊಂಡಿತು. ವಾರಕ್ಕೊಮ್ಮೆ ಚೆಂಡು ಕಟ್ಟಿ ತೋರಿಸುತ್ತಿದ್ದದ್ದು ಅದೇ.

"ನೋಡಿದ್ರ ಗೊತ್ತಾಗ್ಲಿಲ್ಲೇನ್ರಿ ಸರ್? ನಿಮಗೂ?"

"ಗೊತ್ತಾಗಂಗಿಲ್ಲ ಅಂತ ಪ್ರಬಂಧ ಬರದಾಂವ ನಾನ" ಎಂದರು ಹಂಚಿನಾಳರು. "ಎರಡೂ ಒಂದ ಥರ ಕಾಣ್ತಾವು ಅಂತ ಜಗತ್ತಿಗೆಲ್ಲ ಹೇಳ್ದೆ. ನನ್ನ ಕುಪ್ಪಿ ಮುಂದ ನಿಂತಾಗ ಮರತೆ. ಜನ ಒಡೀಬ್ಯಾಡ ಅಂದಾಗ ನನಗೂ ಒಳಗ ಹಗುರ ಆತು, ಯಮುನಾ. ನೋಡದ ಇರೋದಕ್ಕ ಒಂದು ನೆವ ಸಿಕ್ತು."

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಹೆರದವರು ಇಷ್ಟು ವರ್ಷ ಕೆರೆಯ ಕೆಸರನ್ನು ಮುದ್ದಿಸಿದ್ದರು, ಓದಿದವರು ಪಕ್ಕದಲ್ಲಿ ನಿಂತು ತೋರಿಸಿದ್ದರು.

ಏಳುವಾಗ ಹಂಚಿನಾಳರು ಮೆಲ್ಲಗೆ ಹೇಳಿದರು. "ನೀವು ಹೇಳಿದ ಮಾತು ನನ್ನ ಹತ್ರನ ಇರ್ತದ. ಈಗ ಅದರಿಂದ ಯಾರಿಗೆ ಏನ ಆಗೂದೈತಿ? ಉಳಿದ ಕುಪ್ಪಿಗೋಳು ಹೆಂಗ ಹೋದವೋ ನಿಮ್ಮ ತಂಗೀದೂ ಹಂಗ ಹೋತು. ಅಷ್ಟ ಇರ್ಲಿ."

ಮನೆಯವರನ್ನೆಲ್ಲ ಕರೆಸಿದ್ದು ಒಂದು ಭಾನುವಾರ. ಪರದೆ ಕಪ್ಪಗಿತ್ತು. ಹಂಚಿನಾಳರು ನಿಂತುಕೊಂಡೇ ಎಲ್ಲವನ್ನೂ ಹೇಳಿದರು, ತಪ್ಪು ನನ್ನದು ಎಂದರು. ಕೂಗಾಟ ಆದೀತೆಂದು ಬಾಗಿಲಲ್ಲಿ ಪೊಲೀಸರಿದ್ದರು. ಕೂಗಾಟ ಆಗಲಿಲ್ಲ. ಒಬ್ಬ ಗಂಡಸು ಕುರ್ಚಿ ಎತ್ತಿ ಮತ್ತೆ ಇಳಿಸಿದ. ನಾಗವ್ವ ಪಕ್ಕದವಳನ್ನು, "ಏನಂದ್ರವ್ವಾ? ಒಳಗಂಟು ಬಿತ್ತಂತೇನು?" ಎಂದು ಕೇಳುತ್ತಲೇ ಇದ್ದಳು. ಪಕ್ಕದವಳು ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು.

ಹಿಂದಿನ ಸಾಲಿನಿಂದ ಯಾರೋ ಕೇಳಿದರು. "ಸರ, ನಮ್ಮದು ಯಾವಾಗ ಹೋತ್ರಿ?"

"ಅದನ್ನ ಹೇಳಾಕ ಬರೂದಿಲ್ಲರೀ" ಎಂದರು ಹಂಚಿನಾಳರು. "ಯಾರದೂ ಹೇಳಾಕ ಬರೂದಿಲ್ಲ. ಯಾವ ದಿನ ಹೋತು ಅಂತ ಗೊತ್ತಾಗದಂಗ ಹೋಗ್ಯಾವು."

ತುಂಗಾ ಇಡೀ ಹೊತ್ತು ಕೈಕಟ್ಟಿ ಕೂತಿದ್ದಳು. ಪರಸಪ್ಪನಿಗೆ ಡ್ಯೂಟಿ ಇತ್ತು, ಅವನು ಬಂದಿರಲಿಲ್ಲ. ಅಕ್ಕತಂಗಿಯರು ತುಂಗಾಳ ಮನೆಗೆ ನಡೆದರು. ತುಂಗಾ ಬೀಗ ತೆಗೆದಳು, ಚಹಾಕ್ಕೆ ಇಟ್ಟಳು, ಒಲೆ ಹಚ್ಚಲು ಮರೆತು ಪಾತ್ರೆಯನ್ನೇ ನೋಡುತ್ತ ನಿಂತಳು. ಯಮುನಾ ಹೋಗಿ ಒಲೆ ಹಚ್ಚಿದಳು. ಎದೆಯೊಳಗೆ ಒಂದು ನಾಚಿಕೆಗೇಡಿನ ಸಮಾಧಾನವಿತ್ತು. ಮೂರು ವರ್ಷ ಹೊತ್ತ ಹೊರೆಯನ್ನು ಕೆರೆಯವ್ವ ಇಳಿಸಿಬಿಟ್ಟಿದ್ದಳು. ಇನ್ನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಯಾರೂ ಏನೂ ಕೇಳುವುದಿಲ್ಲ.

"ಅಕ್ಕಾ" ಎಂದಳು ತುಂಗಾ. "ದತ್ತು ಕೊಡವ್ರು ಮತ್ತ ಫೋನ್ ಮಾಡ್ತಾರೇನ?"

"ಕೇಳಿ ನೋಡೂಣು."

"ಆ ಹುಡುಗಿ ಈಗ ಯಾರ ಮನ್ಯಾಗೋ ಇರಬೇಕು. ಹಲ್ಲು ಬಂದಿರ್ತಾವ." ತುಂಗಾ ಅಕ್ಕನ ಕಡೆ ತಿರುಗಿದಳು. "ಅದೆಲ್ಲ ಇರ್ಲಿ. ನನಗೊಂದ ಮಾತು ಬೇಕಾಗೈತಿ. ನನ್ನ ಕೂಸು ಯಾವಾಗ ಹೋತು?"

"ಸರ್ ಹೇಳಿದ್ರಲ್ಲ. ಯಾರಿಗೂ ಗೊತ್ತಿಲ್ಲ."

"ಸರ್‌ಗೆ ಗೊತ್ತಿಲ್ಲ. ನೀ ದಿನಾ ನೋಡಾಕಿ. ಒಂದು ದಿನಾನರ ನಿನಗ ಬ್ಯಾರೆ ಅನಿಸಲಿಲ್ಲೇನು?" ಆಕೆಯ ದನಿಯಲ್ಲಿ ಸಂಶಯವಿರಲಿಲ್ಲ, ಬೇಡಿಕೆಯಿತ್ತು. "ಒಂದು ದಿನ ಬೇಕು ಅಕ್ಕಾ. ಸತ್ತೋರಿಗೆ ಒಂದು ದಿನ ಅಂತ ಇರಬೇಕಲ್ಲ. ಆ ದಿನ ಎಡಿ ಇಡ್ತೀನಿ, ಅಳ್ತೀನಿ, ಮುಗಸ್ತೀನಿ. ದಿನಾನ ಇಲ್ಲಂದ್ರ ನಾ ಯಾವತ್ತ ಅಳಲಿ? ದಿನಾ ಅಳ್ಲೇನು?"

ಹಜಾರದಲ್ಲಿ ಕೂತಿದ್ದ ಯಾರಿಗೂ ಇಲ್ಲದ ಒಂದು ದಿನ ತುಂಗಾಳಿಗೆ ಮಾತ್ರ ಇತ್ತು. ಆಕೆಯ ಕುಪ್ಪಿಗೆ ಕೆರೆಯವ್ವ ತಾನಾಗಿ ಇಳಿದಿರಲಿಲ್ಲ, ಯಮುನಾ ತನ್ನ ಕೈಯಾರೆ ಇಳಿಸಿದ್ದಳು. ಅದಕ್ಕೂ ಮೊದಲು ಕೂಸು ಬೂದಿಯಾಗಿ ಬಿದ್ದದ್ದನ್ನು ಕಣ್ಣಾರೆ ನೋಡಿದ್ದಳು. ಆ ದಿನವನ್ನು ಕೊಡಬೇಕಾದರೆ ಉಳಿದದ್ದನ್ನೂ ಕೊಡಬೇಕು. ಚಹಾ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಯಮುನಾ ಒಲೆ ಆರಿಸಿ, ಅತ್ತ ತಿರುಗಿಕೊಂಡೇ ಎಲ್ಲ ಹೇಳಿದಳು. ತಳದಲ್ಲಿ ಕೂತ ಬೂದಿ, ಮಧ್ಯಾಹ್ನದವರೆಗೆ ಕಾದದ್ದು, ಪಕ್ಕದ ಕುಪ್ಪಿಯ ಹೆಪ್ಪು.

ಮುಗಿದ ಮೇಲೆ ತುಂಗಾ ಕೇಳಿದಳು. "ಅದರ ಮ್ಯಾಲೇ ಹಾಕಿದೇನು ಹೆಪ್ಪು? ನನ್ನ ಕೂಸಿನ ಮ್ಯಾಲೇ?"

"ಹೌದು."

"ಅದನ್ನ ತಿಂದು ಬೆಳದಾವೇನು ಅವು?"

ಯಮುನಾ ಹೌದೆಂದು ತಲೆಯಾಡಿಸಿದಳು.

"ಯಾವ ದಿನ?"

"ಪಂಚಮಿ ದಿನ. ಕೇಂದ್ರಕ್ಕ ರಜಾ ಇತ್ತು. ನೀ ನಮ್ಮನಿಗೆ ಹಬ್ಬಕ್ಕ ಬಂದಿದ್ದಿ."

ತುಂಗಾ ನೆನಪು ಮಾಡಿಕೊಳ್ಳುವುದು ಮುಖದಲ್ಲಿ ಕಾಣುತ್ತಿತ್ತು. ಅಂದು ಆಕೆ ಅಕ್ಕನ ಮನೆಯ ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿಸಿ ಓಣಿಯ ಹುಡುಗಿಯರ ಜೊತೆ ಜೀಕಿದ್ದಳು. ತುಸು ತಡವಾಗಿ ಅಕ್ಕ ಬಂದಿದ್ದಳು.

"ನೀ ಬಾಗಿಲದಾಗ ನಿಂತು ನಕ್ಕಿದ್ದಿ" ಎಂದಳು. "ಕೂಸು ಹೆಂಗೈತಿ ಅಂದೆ. ಚಲೋ ಐತಿ ಅಂದಿ. ಜೋಕಾಲಿ ಹಿಡದು ನಿಲ್ಲಿಸಿ ನನ್ನ ಬಾಯಾಗ ಎಳ್ಳುಂಡಿ ಇಟ್ಟಿ."

"ತುಂಗಾ..."

"ನನ್ನ ಕೂಸು ಸತ್ತಿತ್ತು. ನನಗ ಸೂತಕ ಇತ್ತು. ನೀ ನನಗ ಸಿಹಿ ತಿನಿಸಿದಿ."

ಯಮುನಾ ಕೈ ಚಾಚಿದಳು. ತುಂಗಾ ಆ ಕೈಯನ್ನು ದಾಟಿಕೊಂಡು ಹಿತ್ತಿಲ ಬಚ್ಚಲಿಗೆ ಹೋದಳು. ಬಾಗಿಲು ಹಾಕಿದ ಸಪ್ಪಳ ಬಂತು, ಹಿಂದೆಯೇ ತಂಬಿಗೆಯಿಂದ ತಲೆಯ ಮೇಲೆ ತಣ್ಣೀರು ಸುರಿದುಕೊಳ್ಳುವ ಸಪ್ಪಳ. ಒಂದು ತಂಬಿಗೆ, ಇನ್ನೊಂದು, ಮತ್ತೊಂದು. ಯಮುನಾ ಹೋಗಿ ಬಚ್ಚಲ ಮುಂದೆ ನಿಂತಳು. ಅವ್ವ ಸತ್ತ ದಿನ ಈ ತಂಗಿಯ ತಲೆಯ ಮೇಲೆ ನೀರು ಹಾಕಿದವಳು ತಾನೇ. ಇಂದು ತನಗೂ ಹಾಕಿಕೊಳ್ಳಬೇಕೆನಿಸಿತು.

"ತುಂಗವ್ವಾ, ಬಾಗಿಲಾ ತಗೀ. ನಾನೂ ನೀರು ಹಾಕ್ಕೋತೀನಿ."

ನೀರಿನ ಸಪ್ಪಳ ನಿಂತಿತು.

"ನಿನಗ್ಯಾಕ?" ಎಂದಳು ತುಂಗಾ ಒಳಗಿನಿಂದ. "ಇದು ನಮ್ಮನಿ ಸೂತಕ. ನಿನಗ ಹತ್ತೂದಿಲ್ಲ, ನೀ ಹೋಗು."

ಒಳಗೆ ತಂಬಿಗೆ ಮತ್ತೆ ಹಂಡೆಗೆ ಇಳಿಯಿತು.